ಸಾವಿರದ ಮುನ್ನೂರ ಹತ್ತು ಗ್ರಾಂ

ಗೂಡಿನ ಮಾರುಕಟ್ಟೆ ಖಾಲಿಯಾದ ಮೇಲೆ
ತಕ್ಕಡಿಯ ಮೇಲಿಟ್ಟೆ, ಒಂದೊಂದೇ.
ಮುಂದಿನದು ಐನೂರ ಎಂಬತ್ತು.
ಹಿಂದಿನದು ಏಳುನೂರ ಮೂವತ್ತು.
‘ಎರಡೂ ಸೇರಿ ಒಂದೂವರೆ ಕೆಜಿ ಗೂಡಿಗೂ ಬರಲಿಲ್ಲವಲ್ಲೋ’
ಎಂದ ಹಮಾಲಿ ಪಿಳ್ಳಪ್ಪ, ಟ್ರೇ ಜೋಡಿಸುತ್ತಾ,
‘ಹರಾಜು ಎಷ್ಟಕ್ಕೆ ನಿಂತಿತು?’
ಕೇಳಿಸದವನ ಹಾಗೆ ತಕ್ಕಡಿ ಒರೆಸಿದೆ.

ಮಾರಿದವರು ಯಲಹಂಕದ ಹಲ್ಲಿನ ಡಾಕ್ಟರು.
ಚಕ್ರಕ್ಕೇನೂ ಆಗಿಲ್ಲ, ಮೊಣಕಾಲು ಹೋಗಿದೆ ಎಂದರು.
ಕಪ್ಪು ಚೀಲದಿಂದ ತೆಗೆದು ಕೊಡುವಾಗ
ಅಂಚನ್ನು ಒಮ್ಮೆ ಬೆರಳಲ್ಲಿ ಸವರಿ,
‘ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇರಬೇಡ’ ಎಂದರು.
ಹಗುರವಾದ ಮಾತು. ತೂಗಿ ನೋಡಲಿಲ್ಲ.

ಮನೆಯಲ್ಲಿ ಅಮ್ಮಿ ಬೇಸಿನ್ನಿನ ಮುಂದೆ.
ಬಿಸಿನೀರಲ್ಲಿ ಅದ್ದಿ ಅದ್ದಿ ಬೆಳ್ಳಗೆ ಉಬ್ಬಿದ ಬೆರಳು
ಸೆರಗಿಗೆ ಒರೆಸಿ, ರಿಮ್ ಮುಟ್ಟಿ,
ಬಲ್ಬಿನ ಕೆಳಗೆ ಓರೆಯಾಗಿ ಹಿಡಿದಳು.
ಕಪ್ಪಿನ ಒಳಗೆ ನೇಯ್ಗೆ,
ಒಂದೆಳೆ ಮೇಲೆ, ಒಂದೆಳೆ ಕೆಳಗೆ.
‘ಧಾಗಾ’ ಎಂದಳು. ‘ನೂಲು ಕಣೋ ಇದು!
ಯಾವ ಹುಳ ಉಗುಳಿದ್ದು?’
ಹುಳವಲ್ಲ ಅಮ್ಮಿ, ಕುಲುಮೆ.
ಗಾಳಿ ಸೋಕದ ಹಾಗೆ ಎಳೆಯನ್ನು ಸುಟ್ಟು,
ಅಂಟು ಕುಡಿಸಿ, ಅಚ್ಚಿಗಿಟ್ಟು ಬೇಯಿಸುತ್ತಾರೆ.
‘ನಮ್ಮದೂ ಬೇಯಿಸೋದೇ.
ನಾವು ಅಂಟು ಬಿಡಿಸೋಕೆ, ಅವರು ಹಿಡಿಸೋಕೆ.’
ಬೆಲೆ ಕೇಳಿದಳು. ಎಂಟು ಸಾವಿರ ಎಂದೆ.
ಮೂವತ್ತು ವರ್ಷ ಲಾಟು ತೂಗಿದ ಕೈ
ಚಕ್ರವನ್ನು ಮೇಲೆ ಕೆಳಗೆ ಆಡಿಸಿತು.
ಏನೂ ಅನ್ನಲಿಲ್ಲ. ನನಗೆ ಅದೇ ಭಯ.

ನಂದಿಯ ಬುಡ, ಭಾನುವಾರ, ಆರಕ್ಕೆ ಹತ್ತು ನಿಮಿಷ ಇದೆ.
ಬಿಡುವವನು ಮಂಜಿನಲ್ಲಿ ಕಾಣುವುದಿಲ್ಲ,
ಅವನ ಶಿಳ್ಳೆ ಮಾತ್ರ.
ಮೊದಲ ತಿರುವಿಗೇ ಗೊತ್ತಾಯಿತು.
ಹಳೆಯ ಅಲ್ಯುಮಿನಿಯಂ ಚಕ್ರ
ಪಂಚಾಯ್ತಿ ಹಿರಿಯನ ಹಾಗೆ, ನೋಡೋಣ ಅನ್ನುತ್ತಿತ್ತು.
ಇದು ಹೂಂ ಅನ್ನುವುದರೊಳಗೆ ಹೊರಟಿರುತ್ತದೆ.
ಸದ್ದೂ ಬೇರೆ:
ಖಾಲಿ ಕೊಳಗದೊಳಗೆ ಯಾರೋ ಉಸಿರಾಡಿದ ಹಾಗೆ.
ನಾನು ಹಾರಿದೆ. ಹದಿನಾಲ್ಕನೇ ತಿರುವಿನ ತನಕ ಹಾರಿದೆ.
ಆಮೇಲೆ ಕಾಲು ನೆನಪಾಯಿತು,
ಅದು ಮಾತ್ರ ಹಳೆಯದೇ.
ಚಕ್ರದಿಂದ ಇಳಿಸಿದ ಅರ್ಧ ಕೆಜಿ
ತೊಡೆಯಲ್ಲಿ ಬಂದು ಕೂತಿತ್ತು.
ನನ್ನ ಹಿಂದೆ ಮೂವತ್ತು ಸೆಕೆಂಡಿಗೆ ಬಿಟ್ಟ ಹುಡುಗ,
ಎರಡು ಕಡ್ಡಿಗೆ ಬೇರೆ ಬಣ್ಣದ ನಿಪ್ಪಲ್ ಹಾಕಿಸಿದ ಚಕ್ರದವನು,
ಪಕ್ಕದಲ್ಲೇ ದಾಟಿಹೋದ, ನನ್ನ ಚಕ್ರ ನೋಡಿ
‘ಸೂಪರ್ ಅಣ್ಣಾ’ ಎಂದು.

ಹದಿನೇಳನೆಯವನಾದೆ.
ಹೋದ ವರ್ಷಕ್ಕಿಂತ ಮೂವತ್ತೆಂಟು ಸೆಕೆಂಡು ಕಡಿಮೆ.
ಅಷ್ಟರಲ್ಲಿ ಅಮ್ಮಿ
ಕಡಿದ ಎಳೆಗೆ ಹೊಸ ತುದಿ ಹಿಡಿಸುವುದು ಹತ್ತು ಸಲ.

ಇಳಿಯುವಾಗ ಯಾರೂ ಗಡಿಯಾರ ಹಿಡಿಯುವುದಿಲ್ಲ.
ಸೂರ್ಯೋದಯ ತಪ್ಪಿಸಿಕೊಂಡ ಕಾರುಗಳು,
ಸೆಲ್ಫಿಗೆ ನಿಂತ ಬೈಕುಗಳು,
ರಸ್ತೆಯ ನಡುವೆ ಪಾಪ್‌ಕಾರ್ನ್ ಎಣಿಸುತ್ತಿದ್ದ ಕೋತಿ.
ನಾನು ಬ್ರೇಕ್ ಹಿಡಿದೇ ಇದ್ದೆ.

ವಾಸನೆ ಮೊದಲು ಬಂತು.
ಗೂಡು ಬೆಂದದ್ದಲ್ಲ, ಅದು ನನ್ನ ತೊಟ್ಟಿಲಿನ ವಾಸನೆ.
ಇದು ಸುಟ್ಟ ಅಂಟು.
ಆಮೇಲೆ ಸುತ್ತಿಗೊಮ್ಮೆ ಟಕ್, ಟಕ್,
ಬಾಗಿಲು ತಟ್ಟುವ ಸಾಲಗಾರನ ಹಾಗಲ್ಲ,
ಒಳಗಿನಿಂದ ತಟ್ಟುವವರ ಹಾಗೆ.
ಇಳಿದು ನೋಡಿದರೆ ಮುಂದಿನ ರಿಮ್ಮಿನ ಅಂಚು
ಉಬ್ಬಿ, ಸೀಳಿ,
ಕಪ್ಪು ಎಳೆಗಳು ಆಚೆಗೆ ಇಣುಕಿದ್ದವು.

ಟೊಮೆಟೊ ಟೆಂಪೋದಲ್ಲಿ ಶಿಡ್ಲಘಟ್ಟ.
ಅಮ್ಮಿ ಕನ್ನಡಕ ಹಾಕಿಕೊಂಡಳು.
ಸೀಳಿನೊಳಗೆ ಉಗುರಿಟ್ಟು ಮೀಟಿದಳು,
ಗೂಡಿನ ಮೇಲೆ ಎಳೆ ಹುಡುಕುವ ಅದೇ ಉಗುರು.
‘ತುದಿನೇ ಸಿಗ್ತಿಲ್ಲ.’
ಮತ್ತೆ ಮೀಟಿದಳು. ಸೀಬು ಚುಚ್ಚಿತು.
ಬೆರಳನ್ನು ಬಾಯಿಗಿಟ್ಟುಕೊಂಡೇ ಕೇಳಿದಳು:
‘ನಿಜ ಎಷ್ಟು?’
ನಲವತ್ತೆರಡು.
ಬೇಸಿನ್ನಿನಲ್ಲಿ ನೀರು ಕುದಿಯುತ್ತಿತ್ತು.

‘ಹಿಂದಿಂದು ನೆಟ್ಟಗಿದೆಯಾ?’
ಇದೆ.
‘ಮುಂದಕ್ಕೆ ಹಳೇದು ಹಾಕು’
ಎಂದು ಚರಕದ ಕಡೆ ತಿರುಗಿದಳು.