ಯಾರ ಪೈಕಿ

ಸೆಮಾರಾಂಗಿನ ಉತ್ತರಕ್ಕೆ ಕಡಲು
ದಿನಕ್ಕೊಮ್ಮೆ ಹೇಳದೆ ಕೇಳದೆ ಬೀದಿಗೆ ಬರುತ್ತದೆ.
ಅದಕ್ಕೇ ನಮ್ಮ ಮೀನುಗಾರರ ಸಂಘದ ಸರ್ವರು
ಮಹಡಿಯಲ್ಲಿ, ಐಸುಪೆಟ್ಟಿಗೆಗಳ ಪಕ್ಕ,
ಎರಡು ಇಟ್ಟಿಗೆ ಹಾಕಿಕೊಂಡು ಕೂತಿದೆ.

ಮೊನ್ನೆ ಅದಕ್ಕೆ ಹೊಸ ಟಾಮ್‌ಕ್ಯಾಟ್ ಹಾಕಿದೆ.
ಹಾಕಿದ್ದೇ ತಡ, ಪರದೆ ತುಂಬ ಕೆಂಪು.
ಸರ್ವ್‌ಲೆಟ್ ಇಲ್ಲ. ಫಿಲ್ಟರ್ ಇಲ್ಲ. ಸೆಷನ್ ಇಲ್ಲ.
ನಿನ್ನೆವರೆಗೆ ಇಲ್ಲೇ ಉಂಡುಟ್ಟವರು ಒಬ್ಬರೂ ಇಲ್ಲ.
ರಾತ್ರಿ ಹನ್ನೊಂದಕ್ಕೆ ತಿಳಿಯಿತು: ಯಾರೂ ಸತ್ತಿಲ್ಲ,
ವಿಳಾಸ ಬದಲಾಗಿದೆ.
ಜಾವಾಎಕ್ಸ್ ಬಿಟ್ಟು ಎಲ್ಲರೂ ಜಕಾರ್ತಾ ಸೇರಿದ್ದಾರೆ.
ನಗು ಬಂತು. ಜಾವಾದಲ್ಲಿ ಹುಟ್ಟಿದವಳಿಗೆ
ಇದನ್ನು ಬೇರೆ ಹೇಳಿಕೊಡಬೇಕೆ?
ಅರವತ್ತೆರಡು ಕಡತ ತೆರೆದು
ಇಂಪೋರ್ಟ್ ಸಾಲು ತಿದ್ದಿದೆ, ಹಳೇ ಜಾರ್ ಒಂದನ್ನು ಹೊರಗೆಸೆದೆ.
ಕೆಂಪು ಇಳಿಯಿತು, ಒಂದು ಸಾಲು ಬಿಟ್ಟು:

ಅಂಗೋತಾ ಎಂಬ ಕ್ಲಾಸು ಸಿಗಲಿಲ್ಲ.

ಅಂಗೋತಾ ಅಂದರೆ ಸದಸ್ಯ.
ನಿವೃತ್ತರಾದ ಪಾ ಸುಕಿರ್ಮಾನ್ ಬರೆದದ್ದು.
ಸಿಗದೆ ಏನು, ಕಣ್ಣೆದುರಿಗೇ ಇದೆ!
ಕಾಗುಣಿತ ನೋಡಿದೆ. ಕ್ಲೀನ್ ಮಾಡಿ ಮತ್ತೆ ಕಟ್ಟಿದೆ.
ಸರ್ವರನ್ನು ಮಲಗಿಸಿ ಎಬ್ಬಿಸಿದೆ.
ಕೊನೆಗೆ ಕಡತದ ಮೊದಲ ಸಾಲಿಗೆ ಹೋದೆ.
ಪ್ಯಾಕೇಜ್ ಎಂದು ಇರಬೇಕಾದ ಜಾಗ ಬರಿದು.

ಮುಂಚೆ ಕ್ಲಾಸುಗಳೆಲ್ಲ ಒಂದೇ ಫೋಲ್ಡರಿನ ನೆರೆಹೊರೆ,
ಹೆಸರು ಹಿಡಿದು ಕೂಗಿದರೆ ಸಾಕಿತ್ತು.
ಹೋದ ತಿಂಗಳು ನಾನೇ ಅವನ್ನು ಕೋಣೆ ಕೋಣೆಗೆ ಹಂಚಿದ್ದೆ,
ಇವನೊಬ್ಬ ಹೊಸ್ತಿಲಲ್ಲೇ ಉಳಿದ.
ಒಳಗಿದ್ದವರು ಹೊಸ್ತಿಲಿನವನನ್ನು ಕರೆಯಲು
ಈ ಭಾಷೆಯ ವ್ಯಾಕರಣದಲ್ಲಿ ದಾರಿಯಿಲ್ಲ.
ಯಾರ ಪೈಕಿ ಎಂದರೆ ಉತ್ತರವಿಲ್ಲದವನು
ಇಂಪೋರ್ಟ್ ಆಗುವುದಿಲ್ಲ.

ನನಗೂ ಒಂದೇ ಹೆಸರು. ವುರ್ಯಾನಿ.
ಅಪ್ಪನಿಗೂ ಒಂದೇ, ಅಜ್ಜಿಗೂ ಒಂದೇ.
ಇಲ್ಲಿ ಅದೊಂದು ಕೊರತೆಯಲ್ಲ.
ಸೋಲ್‌ನ ತರಬೇತಿಗೆ ಅರ್ಜಿ ತುಂಬುವಾಗ ಮಾತ್ರ
ಮನೆತನದ ಖಾನೆ ಕೆಂಪಗೆ ಅಡ್ಡ ನಿಂತಿತು.
ಗೀಟು ಎಳೆದೆ, ಒಪ್ಪಲಿಲ್ಲ. ಚುಕ್ಕಿ ಇಟ್ಟೆ, ಒಪ್ಪಲಿಲ್ಲ.
ವುರ್ಯಾನಿ ವುರ್ಯಾನಿ ಎಂದು ಬರೆದೆ.
ಹದಿನಾಲ್ಕು ದಿನ ಕೊರಳ ಬಿಲ್ಲೆಯಲ್ಲಿ
ನನ್ನ ವಂಶಕ್ಕೆ ನಾನೇ ಮೂಲ.

ಪಾ ಸುಕಿರ್ಮಾನ್‌ಗೆ ಫೋನು ಮಾಡಿದೆ.
ಅಪರಾತ್ರಿ, ಆದರೂ ರೇಗಲಿಲ್ಲ.
"ಆಗ ಇದ್ದದ್ದೇ ನಲವತ್ತು ಜನ ಕಣಮ್ಮ,
ಎಲ್ಲರ ಮುಖ ಗೊತ್ತಿತ್ತು" ಎಂದರು. ಕೆಮ್ಮಿದರು. ಇಟ್ಟರು.

ಮೊದಲ ಸಾಲಲ್ಲಿ ಬರೆದೆ:
ಪ್ಯಾಕೇಜ್, ಕೋಪೆರಾಸಿ, ಚುಕ್ಕಿ, ನೆಲಾಯನ್.
ಕರೆಯುವವರ ಕಡತದಲ್ಲೂ ಅದೇ ಸೇರಿಸಿದೆ.
ಸರ್ವರು ಎದ್ದಿತು.
ಪರದೆಯಲ್ಲಿ ಸದಸ್ಯರು ಸಾಲುಗಟ್ಟಿ ಇಳಿದರು:
ಕಾರ್ಮಿಜಾನ್ ಕಾರ್ಮಿಜಾನ್,
ರುಬಿಯಾ ರುಬಿಯಾ,
ತುಗಿಮಿನ್ ತುಗಿಮಿನ್.

ಎರಡನೇ ಖಾನೆಯ ಪಕ್ಕ ಕೆಂಪು ನಕ್ಷತ್ರ,
ಕಡ್ಡಾಯ ಎಂದು.
ಹೋದ ವರ್ಷ ಇಟ್ಟವಳು ನಾನೇ.