ತೊಂಬತ್ತು ಸೆಕೆಂಡಿನ ಹಿಮ

ಹಿಮ ಬೇಕಂತೆ.
ಹೆಲ್ಸಿಂಕಿಯ ಮೂವರು ಹುಡುಗರು ಕಟ್ಟುವ ಆಟಕ್ಕೆ
ಹಿಮ ಬೀಳುವ ಒಂದು ಊರು, ಮುಚ್ಚಿದ ಒಂದು ಬಾಗಿಲು,
ಬಾಗಿಲ ಮುಂದೆ ನಿಂತವನಿಗೆ
ತೊಂಬತ್ತು ಸೆಕೆಂಡಿನ ಸಂಗೀತ.
ಮುಗಿದದ್ದು ಗೊತ್ತಾಗಬಾರದು, ಶುರುವಾದದ್ದೂ.
ಅವನು ನಿಂತಷ್ಟು ಹೊತ್ತು
ತಿರುಗಿ ತಿರುಗಿ ಬರಬೇಕು, ಬೇಜಾರು ಬರಬಾರದು.

ನಾನು ಹಿಮ ಕಂಡವಳಲ್ಲ.
ಬಂದರಿನ ಈ ಮಾಳಿಗೆ, ಕೆಳಗೆ ಬಲೆ ಹಗ್ಗದ ಅಂಗಡಿ.
ಏಪ್ರಿಲಿನ ಬೆವರು ಕೀಬೋರ್ಡಿನ ಕಪ್ಪು ಮನೆಗಳ ಮೇಲೆ.
ರೆಕಾರ್ಡು ಒತ್ತುವ ಮೊದಲು ಫ್ಯಾನು ಆರಿಸಬೇಕು,
ಕಿಟಕಿಗೆ ಹಳೆಯ ಹಾಸಿಗೆ ಒರಗಿಸಬೇಕು,
ಆಚೆ ಮನೆಯ ಮಿಕ್ಸಿಗೆ ಕೈಮುಗಿಯಬೇಕು.
ಅಷ್ಟಾದ ಮೇಲೂ
ಕಾಗೆ.

ಹಾಗಾಗಿ ಬೆಳಗಿನ ನಾಲ್ಕಕ್ಕೆ ದಕ್ಕೆಗೆ ಹೋದೆ.
ಐಸು ಹುಡಿಮಾಡುವ ಮೆಷಿನಿನ ಬಾಯಿಗೆ
ಮೈಕು ಹಿಡಿದವಳನ್ನು ಕಂಡು ಮೊಯ್ದಿನಬ್ಬ ಕೇಳಿದರು:
"ಎಂತ, ಟೀವಿಯವರಾ? ಡೀಸೆಲಿನದ್ದು ಹಾಕಿ."
ಅಲ್ಲ, ಐಸಿನ ಸದ್ದು ಬೇಕಿತ್ತು.
"ಸದ್ದಾ? ತಗೊಳ್ಳಿ. ಅದಕ್ಕೆ ದುಡ್ಡಿಲ್ಲ."
ಒಂದು ಬುಟ್ಟಿ ನೆಲಕ್ಕೆ ಸುರಿದು
ತಮ್ಮ ರಬ್ಬರ್ ಬೂಟಿನಲ್ಲೇ ಹನ್ನೆರಡು ಹೆಜ್ಜೆ ನಡೆದರು,
ಮೆಲ್ಲ, ಮಗು ಮಲಗಿದ ಕೋಣೆಯಲ್ಲಿ ನಡೆದ ಹಾಗೆ.
ಹಿಂದೆ ಬಂಗುಡೆಯ ಏಲಂ.
ಅದನ್ನು ಹೆಕ್ಕಿ ತೆಗೆಯಲು ಎರಡು ರಾತ್ರಿ ಹಿಡಿಯಿತು.
ಒಂದು "ಮುನ್ನೂದು" ಇನ್ನೂ ಉಳಿದಿದೆ ಒಳಗೆಲ್ಲೋ
ಗಾಳಿಯ ಸದ್ದಿನ ಅಡಿಯಲ್ಲಿ. ಹೆಲ್ಸಿಂಕಿಗೆ ಹೇಳಿಲ್ಲ.

ಬೋನಿಫಾಸ್ ಮಾಮ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದರು.
ಮದುವೆಗೆ ಒಂದು ರೇಟು, ಮರಣಕ್ಕೆ ಇನ್ನೊಂದು.
ಗೇಟಿನ ಹೊರಗೆ ಕೈಗೆ ಹಣ, ಒಂದು ಪೆಗ್ಗು, ಹಂದಿ ಪದಾರ್ಥ.
ನನ್ನದು ಇನ್ವಾಯ್ಸು. ಅರವತ್ತು ದಿನ.
ಆಮೇಲೆ ನೆನಪಿಸುವ ಒಂದು ಮೇಲು,
ಕೊನೆಗೆ ಹಲ್ಲು ಕಿರಿಯುವ ಹಳದಿ ಮುಖ ಅಂಟಿಸಿ.

ಹೋದ ವರ್ಷದ ಸಿನಿಮಾಕ್ಕೆ
ಡೈರೆಕ್ಟರು ಮೊದಲೇ ಯಾರದೋ ಸಂಗೀತ ಕೂಡಿಸಿ ಕಳಿಸಿದ್ದರು:
"ಹೀಗೇ ಬೇಕು. ಆದರೆ ಇದು ಬೇಡ."
ತಾಯಿ ಸಾಯುವ ದೃಶ್ಯಕ್ಕೆ ಏಳು ಸಲ ಬರೆದೆ.
ಎಂಟನೆಯದಕ್ಕೆ ಬರೀ ಒಂದು ಸ್ವರ, ಉದ್ದಕ್ಕೆ.
"ವಾಹ್, ಈಗ ಕೇಳಿಸುವುದೇ ಇಲ್ಲ!"
ಅದು ಹೊಗಳಿಕೆ ಎಂದು ತಿಳಿಯಲು
ಸುಲ್ತಾನ್ ಬತ್ತೇರಿಯ ಕಡವು ದಾಟುವಷ್ಟು ಹೊತ್ತು ಬೇಕಾಯಿತು.
ಪರದೆಯಲ್ಲಿ ನನ್ನ ಹೆಸರು ಬರುವಾಗ
ಜನ ಎದ್ದು ಸ್ಕೂಟರಿನ ಕೀಲಿ ಹುಡುಕುತ್ತಿದ್ದರು.

ಬೋಟುಗಳು ದಡಕ್ಕೆ ಕಟ್ಟಿದ ಜುಲೈಯಲ್ಲಿ ಆಟ ಬಂತು.
ಐಸಿಗೆ ಕೆಲಸವಿಲ್ಲ. ಮೊಯ್ದಿನಬ್ಬ
ಮೊಮ್ಮಗನನ್ನು ಕರಕೊಂಡು ಮೆಟ್ಟಿಲು ಹತ್ತಿದರು.
ಟೊಪ್ಪಿಯ ಮೇಲೇ ಹೆಡ್‌ಫೋನು ಇಟ್ಟು ಕೇಳಿ
"ನನ್ನ ಬೂಟು," ಎಂದರು.
ಇನ್ನೊಮ್ಮೆ ಕೇಳಿ, "ಎಡದ್ದು ಹರಿದಿತ್ತು. ಗೊತ್ತಾಗ್ತದೆ."

ಆಮೇಲೆ ಹುಡುಗನ ಸರದಿ.
ಶಮ್ಮಾಸ್ ಬೇಗ ಬೇಗ ಊರು ದಾಟಿದ, ಕೀಲಿ ಹುಡುಕಿದ,
ಬಾಗಿಲ ಮುಂದೆ ಬಂದವನು ನಿಂತೇಬಿಟ್ಟ.
"ತೆಗಿ ಮಾರಾಯ, ಒಳಗೆ ಎಂತ ಉಂಟು ನೋಡುವ."
ಅವನು ತಿರುಗಲಿಲ್ಲ. "ತೆಗೆದರೆ ಹಾಡು ಬದಲಾಗ್ತದೆ."

ಹೆಡ್‌ಫೋನಿನಿಂದ ಸೋರಿದ ಸದ್ದಿನಲ್ಲೇ ನಾನು ಎಣಿಸಿದೆ.
ಮೂರು ಸುತ್ತು. ನಾಲ್ಕು.
ಹೊಲಿಗೆ ಎಲ್ಲಿದೆಯೆಂದು ನನಗೊಬ್ಬಳಿಗೇ ಗೊತ್ತು,
ಹರಿದ ಬೂಟಿನ ಹೆಜ್ಜೆಯೊಂದರ ಕೆಳಗೆ.
ಅದು ಬಂದಾಗಲೆಲ್ಲ ಅವನ ಕುತ್ತಿಗೆ ನೋಡಿದೆ.
ಅಲುಗಲಿಲ್ಲ.
ಪರದೆಯಲ್ಲಿ ಅವನ ಪುಟ್ಟ ಮನುಷ್ಯನ ಭುಜದ ಮೇಲೆ
ಹಿಮ ಕೂರುತ್ತಲೇ ಇತ್ತು.

ಆರನೆಯ ಸುತ್ತಿಗೆ ಕರೆಂಟು ಹೋಯಿತು.
ಶಮ್ಮಾಸ್ ಹೆಡ್‌ಫೋನು ತೆಗೆಯಲಿಲ್ಲ.
ಹೊರಗೆ ಮಳೆ ತಗಡಿನ ಮೇಲೆ ತನ್ನಷ್ಟಕ್ಕೆ.
ಕತ್ತಲೆಯೊಳಗಿಂದ ಮೊಯ್ದಿನಬ್ಬ ಕೇಳಿದರು:
"ಇದಕ್ಕೆ ನಿಮಗೆ ಹಣ ಬಂತಾ?"
ಇನ್ನು ನಲವತ್ತೊಂದು ದಿನ, ಎಂದೆ.