ವಸ್ತು ಸಂಖ್ಯೆ ನಲವತ್ತೊಂದು

ಕೋಟೆ ಸಾಕೆಂದಳು ಸೋದರತ್ತೆ ಮಾಳಮ್ಮ.
ಎರಡನೇ ಬಾಗಿಲಿಗೇ ಅವಳ ಮಂಡಿ ಮುಷ್ಕರ ಹೂಡಿತ್ತು.
ಹನ್ನೊಂದು ಗಂಟೆಗೇ ದುರ್ಗದ ಬಂಡೆಗಳೆಲ್ಲ
ರೊಟ್ಟಿಯ ಹಂಚು.
ಇಳಿದೆವು ಐದೂ ಜನ,
ನಾನು, ಶಶಿ, ನೀರಿನ ಬಾಟಲಿ ಬರಿದುಮಾಡಿದ ಎರಡು ಮಕ್ಕಳು, ಅತ್ತೆ,
ಊರೊಳಗಿನ ಒಂದು ಸಣ್ಣ ಮ್ಯೂಸಿಯಮ್ಮಿಗೆ,
ಫ್ಯಾನು ಇರಬಹುದೆಂಬ ಒಂದೇ ಆಸೆಗೆ.

ದೊಡ್ಡವರಿಗೆ ಹತ್ತು, ಮಕ್ಕಳಿಗೆ ಐದು.
ಬಾಗಿಲು ಕಾಯುವ ಓಬಳೇಶ ಅತ್ತೆಯನ್ನು ನೋಡಿ
'ಅಜ್ಜಿಗೆ ಬೇಡ ಬಿಡ್ರಿ' ಅಂದ.
'ಯಾಕೆ, ನಾನೇನು ಒಳಗಿನ ಸಾಮಾನಾ?'
ಸಂಚಿ ಬಿಚ್ಚಿ ತನ್ನ ಹತ್ತು ತಾನೇ ಕೊಟ್ಟಳು.

ಮೊದಲ ಕೋಣೆ ರಾಜರದ್ದು:
ತುಕ್ಕುಗತ್ತಿ, ಫಿರಂಗಿ ಗುಂಡು, ವೀರಗಲ್ಲು.
ಧನುಷ್ ಅಲ್ಲೇ ಬೇರುಬಿಟ್ಟ.
ಎರಡನೆಯದು ನಮ್ಮದು. ಹಾಗಂತ ಬರೆದಿರಲಿಲ್ಲ,
'ಗ್ರಾಮೀಣ ಬದುಕು' ಎಂದಿತ್ತು.
ಬೀಸುವ ಕಲ್ಲಿಗೆ ವಾರ್ನಿಷ್ ಬಳಿದಿದ್ದರು.
ಕೂರಿಗೆಯ ಕೊರಳಲ್ಲಿ ಕುಂಟೆಯ ಚೀಟಿ.

ನಲವತ್ತೊಂದನೆಯದು ಕಂಬಳಿ ಮಗ್ಗ.
ಸಿಮೆಂಟಿನ ಗುಣಿಗೆ ಕಾಲು ಇಳಿಬಿಟ್ಟು ಕೂತಿದ್ದಾಳೆ
ತುಟಿಗೆ ಕೆಂಪು ಬಳಿದ ಪ್ಲಾಸ್ಟರಿನ ಹೆಂಗಸು.
ಲಾಳಿ ಹಿಡಿದ ಕೈಗೆ ಆರು ಬಳೆ, ಒಂದೂ ಒಡೆದಿಲ್ಲ.
ಉಣ್ಣೆಯ ಕಮಟಿಲ್ಲ,
ಹುಣಸೆಬೀಜದ ಸರಿ ಹುಳಿತ ವಾಸನೆಯಿಲ್ಲ,
ಬರೀ ಫಿನಾಯಿಲು.

'ಥೂ, ಯಾವೋನು ಮಾಡಿದ್ದು ಇದನ್ನ?
ನಮ್ಮಲ್ಲಿ ಹೆಂಗಸ್ರು ಮಗ್ಗಕ್ಕೆ ಇಳೀತಿದ್ರಾ?
ನೂಲೋದು ನಾವು, ಸರಿ ಬಳಿಯೋದು ನಾವು,
ಗುಣಿಗೆ ಇಳಿಯೋದು ಗಂಡಸ್ರು. ಬರ್ಕೊಳಪ್ಪ.'
ಓಬಳೇಶ ಜೇಬು ತಡಕಿದ.
ಪೆನ್ನಿರಲಿಲ್ಲ.

ನಾನು ಯಶಿಕಾಗೆ ಶುರುಮಾಡಿದೆ,
ಮದುವೆ ಮನೆಗಳಲ್ಲಿ ಹೇಳಿ ಹೇಳಿ ನುಣುಪಾದ ಕಥೆ:
ನಿಮ್ಮ ತಾತ ಕೆಂಚಪ್ಪ, ಟೈಫಾಯ್ಡಿಗೆ ಮೈ ಕೆಂಡವಾಗಿದ್ದಾಗಲೂ
ನೇಯ್ದ ಏಳು ಕಂಬಳಿ,
ಅದರಲ್ಲೇ ಕಟ್ಟಿದ್ದು ನನ್ನ ಐಟಿಐ ಫೀಜು...

ಅತ್ತೆ ಹೂಂಗುಟ್ಟಲಿಲ್ಲ.
ಗೊಂಬೆಯ ಮುಖವನ್ನೇ ನೋಡುತ್ತಿದ್ದಳು,
ಸಂತೆಯಲ್ಲಿ ಯಾರೋ ಗುರುತಿನವರು ಸಿಕ್ಕಿ
ಸಾಲ ಕೊಟ್ಟವರೋ ಇಸಕೊಂಡವರೋ ನೆನಪಾಗದ ಹಾಗೆ.
ಆಮೇಲೆ, ನನಗಲ್ಲ, ಅವಳಿಗೆ:
'ನಿಂಗ್ಯಾರೇ ಹೇಳಿದ್ದು?'

ಬುಡ್ಡಿಯ ಬೆಳಕು ಹೊರಗೆ ಬೀಳದಿರಲೆಂದು
ಬಾಗಿಲಿಗೆ ಗೋಣಿ ಕಟ್ಟುತ್ತಿದ್ದಳಂತೆ.
ಅವಳು ಲಾಳಿ ಎಸೆದಾಗೆಲ್ಲ ಅಪ್ಪ
ಹಾಸಿಗೆಯಿಂದ ಬೇಕೆಂದೇ ಕೆಮ್ಮುತ್ತಿದ್ದನಂತೆ,
ಮಗ್ಗದಲ್ಲಿರುವುದು ತಾನೇ ಎಂದು ಬೀದಿಗೆ ತಿಳಿಯಲಿ ಅಂತ.
ಚಳ್ಳಕೆರೆ ಸಂತೆಯಲ್ಲಿ ದಲ್ಲಾಳಿ ಅಂಚು ಜಗ್ಗಿ ನೋಡಿ
'ಕೆಂಚಪ್ಪನ ಕೈ ಈ ಸಲ ಬಿಗಿ ಐತೆ' ಅಂದನಂತೆ.

ಇಷ್ಟನ್ನೂ ಹೇಳಿದ್ದು
ಹಾಲಿನ ಲೆಕ್ಕ ಒಪ್ಪಿಸುವ ದನಿಯಲ್ಲಿ.

ಹಾಸಿನ ಎಡ ಅಂಚಿಗೆ ಎಳೆಯೊಂದು ಕಡಿದು ಜೋತಾಡುತ್ತಿತ್ತು.
ಯಶಿಕಾ ಫಲಕ ಓದಿದಳು, ಗಟ್ಟಿಯಾಗಿ:
ಮು ಟ್ಟ ಬೇ ಡಿ.
ಓದು ಬಾರದ ಅತ್ತೆ
ಬೆರಳಿಗೆ ಎಂಜಲು ಹಚ್ಚಿ, ಎಳೆ ಹೊಸೆದು,
ಕಣ್ಣು ಕಿಟಕಿಯ ಕಡೆ ಇಟ್ಟೇ ಗಂಟು ಹಾಕಿದಳು.
ಹುಡುಕಿದೆ. ಗಂಟು ಕಾಣಲಿಲ್ಲ.
ಕಾಣಬಾರದಂತೆ ಅದು.
ಓಬಳೇಶ ಅಷ್ಟು ಹೊತ್ತೂ ವೀರಗಲ್ಲಿನ ಧೂಳು ಒರೆಸುತ್ತಿದ್ದ,
ಒಂದೇ ಜಾಗ.

ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ.
'ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀವು?' ಅಂದಳು ಶಶಿ.
'ಯಾರು ಟಿಕೇಟು ತಗೊಂಡು ಕೇಳಿದ್ರು?'
ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ,
ನಾಲ್ಕು ಮಡಿಕೆ ಮಡಚಿದ ಆ ಚೀಟಿ.

ಬಸ್ಸು ಹೊರಟಿತು.
ಮುಂದಿನ ಸೀಟಿನಲ್ಲಿ ಧನುಷ್, ಯಾರೋ ಹುಡುಗನಿಗೆ,
'ನಮ್ಮ ತಾತ ಜ್ವರದಲ್ಲೂ ಏಳು ಕಂಬಳಿ...'
ತಿದ್ದಬೇಕೆಂದು ಬಾಯಿ ತೆರೆದೆ.
ಅತ್ತೆ ನನ್ನ ತೊಡೆಯ ಮೇಲೆ ಕೈ ಇಟ್ಟು
ಕೆಮ್ಮಿದಳು.